ದಪ್ಪ ಮೈಯಲ್ಲ, ಮುಂಗೈ ನೋಡಿ: ಹಿಡಿತ ಅಳೆಯುವ ನನ್ನ ಅನುಭವ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಅಡಿಕೆ ತೋಟದವರೇ ಜಾಸ್ತಿ ಬರುತ್ತಾರೆ. ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡರ ಮೈ ನೋಡಿದರೆ ಸಣಕಲು, ಹಿಡಿತ ಮಾತ್ರ ಕಬ್ಬಿಣ. ಅವರ ಪಕ್ಕದಲ್ಲೇ ಕೂತ ತೂಕದ ವ್ಯಕ್ತಿ ತನ್ನ ಹಿಡಿತದ ಅಂಕಿ ನೋಡಿ, "ನಾನು ಇಷ್ಟು ದಪ್ಪ ಇದ್ದೀನಿ, ನಂದ್ಯಾಕೆ ಕಮ್ಮಿ ಬಂತು ಡಾಕ್ಟ್ರೇ?" ಅಂತ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ.

ಬೆರಳು ಮಡಚುವ ದೊಡ್ಡ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅಲ್ಲಿಂದ ಸ್ನಾಯುರಜ್ಜು ಅನ್ನುವ ಗಟ್ಟಿ ಹುರಿಗಳು ಮಣಿಕಟ್ಟು ದಾಟಿ ಬೆರಳಿಗೆ ಹೋಗುತ್ತವೆ. ಹೊಟ್ಟೆಯ ಕೊಬ್ಬು ಇದಕ್ಕೆ ಏನೂ ಸಹಾಯ ಮಾಡುವುದಿಲ್ಲ. ಅದಕ್ಕೇ ನಾನು ತೂಕದ ಜೊತೆ ಎತ್ತರವನ್ನೂ, ಮೊಣಕೈ ಕೆಳಗೆ ಮುಂಗೈ ಅತಿ ದಪ್ಪ ಇರುವ ಕಡೆಯ ಸುತ್ತಳತೆಯನ್ನೂ ಬರೆದುಕೊಳ್ಳುತ್ತೇನೆ. ಎತ್ತರ ಇದ್ದವರಿಗೆ ಸಾಮಾನ್ಯವಾಗಿ ಅಂಗೈಯೂ ದೊಡ್ಡದು, ಸ್ನಾಯುವೂ ಜಾಸ್ತಿ. ಮುಂಗೈ ಟೇಪಿನಲ್ಲಿ ಒಂದು ತೊಡಕಿದೆ: ಚರ್ಮದಡಿಯ ಕೊಬ್ಬೂ ಅಳತೆಗೆ ಸೇರಿಬಿಡುತ್ತದೆ. ಹಾಗಾಗಿ ಅಲ್ಲಿ ಚರ್ಮ ಚಿವುಟಿ ನೋಡಿ, ಮುಷ್ಟಿ ಬಿಗಿ ಮಾಡಿಸಿ ಮುಟ್ಟಿ ನೋಡುತ್ತೇನೆ.

ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ, ಅದೊಂದನ್ನೇ ನಂಬುವುದು ನಮ್ಮ ಜನಕ್ಕೆ ಸರಿಹೋಗದು. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ 2004ರಲ್ಲಿ ತಮ್ಮ ಮೈಯದೇ ಲೆಕ್ಕ ಮುಂದಿಟ್ಟರು. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2!

ಹಿಡಿತ ಅಳೆಯಲು ಜಾಮರ್ ಡೈನಮೋಮೀಟರ್ ಬಳಸುತ್ತೇನೆ. ಹಿಡಿಕೆ ಹಿಂಡಿದರೆ ಎಷ್ಟು ಕಿಲೋ ಬಲ ಬಿತ್ತು ಅಂತ ತೋರಿಸುವ ಉಪಕರಣ ಇದು. ಕುರ್ಚಿಯಲ್ಲಿ ಕೂರಿಸಿ, ತೋಳು ಮೈಗೆ ಹತ್ತಿರ, ಮೊಣಕೈ 90 ಡಿಗ್ರಿ, ಹೆಬ್ಬೆರಳು ಮೇಲಕ್ಕೆ. ಹಿಡಿಕೆಗೆ 5 ಸ್ಥಾನಗಳಿವೆ, ವಾಡಿಕೆಯಲ್ಲಿ ಎರಡನೆಯದು. ನಡುವೆ ಸುಧಾರಿಸಿಕೊಳ್ಳಲು ಬಿಟ್ಟು 3 ಸಲ ಹಿಂಡಿಸಿ ಸರಾಸರಿ ತೆಗೆಯುತ್ತೇನೆ. ಯಾವ ಸ್ಥಾನದಲ್ಲಿ ಅಳೆದೆ ಅಂತ ಬರೆದಿಡಲೇಬೇಕು. ಅದು ಬದಲಾದರೆ ಅಂಕಿಯೂ ಬದಲಾಗುತ್ತದೆ.

ಕಷ್ಟ ಇರುವುದು ಆ ಅಂಕಿಯನ್ನು ಓದುವುದರಲ್ಲಿ. ಏಷ್ಯಾದವರಿಗಾಗಿ ತಜ್ಞರ ಗುಂಪೊಂದು 2019ರಲ್ಲಿ ಹೇಳಿದ ಗಡಿ ಗಂಡಸರಿಗೆ 28 ಕಿಲೋ, ಹೆಂಗಸರಿಗೆ 18. ಅದಕ್ಕಿಂತ ಕಮ್ಮಿ ಬಂದರೆ ದುರ್ಬಲ ಹಿಡಿತ. ಎತ್ತರದ ಲೆಕ್ಕ ಇದರಲ್ಲಿಲ್ಲ. ನಾಲ್ಕೂಮುಕ್ಕಾಲು ಅಡಿಯ, ದಿನವೂ ಕೊಟ್ಟಿಗೆ ಕೆಲಸ ಮಾಡುವ ಅಜ್ಜಿಗೂ 17, ಐದೂವರೆ ಅಡಿಯ, ಕೂತೇ ಇರುವ ಅಮ್ಮನಿಗೂ 17 ಬಂದರೆ ಎರಡೂ ಒಂದೇ ಅಲ್ಲ ಅಲ್ವಾ? ಆಗ ಕಾಲಿನ ಬಲವನ್ನೂ ನೋಡಲು, ಕೈಕಟ್ಟಿ ಕುರ್ಚಿಯಿಂದ 5 ಸಲ ಎದ್ದು ಕೂರಲು ಹೇಳುತ್ತೇನೆ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ನನಗೆ ಚಿಂತೆ. ಎತ್ತರದ ಅಮ್ಮನ ವಿಷಯದಲ್ಲಿ ನಾನು ಬೇಗ ಎಚ್ಚರಗೊಳ್ಳುತ್ತೇನೆ. ಅವರ ಮೈಕಟ್ಟಿಗೆ ಇನ್ನೂ ಜಾಸ್ತಿ ಬರಬೇಕಿತ್ತು.

ಇಷ್ಟು ತಲೆಕೆಡಿಸಿಕೊಳ್ಳಲು ಕಾರಣವಿದೆ. ಭಾರತವೂ ಸೇರಿ 17 ದೇಶಗಳ ಸುಮಾರು 1.4 ಲಕ್ಷ ಜನರನ್ನು ಗಮನಿಸಿದ ಪ್ಯೂರ್ ಅಧ್ಯಯನ 2015ರಲ್ಲಿ ಬಂತು. ಹಿಡಿತ 5 ಕಿಲೋ ಕಮ್ಮಿ ಇದ್ದರೆ ಸಾವಿನ ಅಪಾಯ ಶೇ. 16ರಷ್ಟು ಜಾಸ್ತಿ ಕಂಡಿತ್ತು. ಹಿಡಿತ ಬಿದ್ದಿದ್ದರಿಂದಲೇ ಸಾವು ಅಂತಲ್ಲ. ಮೈಯೊಳಗೆ ಏನೋ ಸರಿಯಿಲ್ಲ ಅನ್ನುವುದು ಕೈಯಲ್ಲಿ ಕಾಣುತ್ತದೆ.

ತೂಕ ಇಳಿಸುತ್ತಿರುವವರನ್ನಂತೂ ನಾನು ತಪ್ಪದೆ ಮತ್ತೆ ಕರೆಸುತ್ತೇನೆ. ತೂಕ ಇಳಿದು ಹಿಡಿತ ಹಾಗೇ ನಿಂತಿದ್ದರೆ ಖುಷಿ. ಮುಂಗೈ ಸುತ್ತಳತೆಯ ಜೊತೆ ಹಿಡಿತವೂ ಇಳಿದಿದ್ದರೆ ಊಟದಲ್ಲಿ ಬೇಳೆಕಾಳು, ಹಾಲು, ಮೊಟ್ಟೆ ಎಷ್ಟಿದೆ ಅಂತ ಕೇಳಿ, ಭಾರ ಎತ್ತುವ ವ್ಯಾಯಾಮ ಶುರು ಮಾಡಿಸುತ್ತೇನೆ.