ಒಂದೇ ರೈಲು, ಎರಡು ಟಿಕೆಟ್: ಬ್ರಿಟನ್ನಿನಲ್ಲಿ ಪ್ರಯಾಣದ ಖರ್ಚು ಇಳಿಸುವ ಬಗೆ

ಡಿಡ್‌ಕಾಟ್ ಪಾರ್ಕ್‌ವೇ ಸ್ಟೇಷನ್ನಿನ ಪಕ್ಕದಲ್ಲೇ ಹಳೆಯ ಉಗಿಬಂಡಿಗಳ ಮ್ಯೂಸಿಯಂ ಇದೆ. ನಮ್ಮ ಯಜಮಾನರು ಅಲ್ಲಿ ಇಳಿದದ್ದು ಅದನ್ನು ನೋಡಲಿಕ್ಕಲ್ಲ. ಕೈಯಲ್ಲಿದ್ದ ಟಿಕೆಟ್ ಡಿಡ್‌ಕಾಟ್‌ಗೆ ಮುಗಿದಿತ್ತು, ಅಷ್ಟೇ.

ಬ್ರಿಸ್ಟಲ್‌ನಲ್ಲಿ ಓದುತ್ತಿದ್ದ ಮಗಳನ್ನು ನೋಡಲು ಲಂಡನ್ನಿನಿಂದ ಹೊರಟಿದ್ದೆವು. ಟಿಕೆಟ್ ಮಾಡಿದವಳು ಅವಳೇ. ವಾಟ್ಸ್‌ಆ್ಯಪ್‌ನಲ್ಲಿ ತಲಾ ಎರಡರಂತೆ ನಾಲ್ಕು ಪಿಡಿಎಫ್ ಬಂದಿದ್ದವು. "ಟಿಕೆಟ್ ಮುಗಿದ ಮೇಲೂ ಕೂತಿರೋದು ಹೇಗೆ?" ಎನ್ನುತ್ತಾ ಇವರು ಸೂಟ್‌ಕೇಸ್ ಎಳೆದುಕೊಂಡು ಇಳಿದೇಬಿಟ್ಟರು. ಹಿಂದೆಯೇ ನಾನೂ. ಬಾಗಿಲು ಮುಚ್ಚಿತು, ರೈಲು ಹೊರಟಿತು. ಫೋನ್ ಮಾಡಿದರೆ ಮಗಳು, "ಅಮ್ಮಾ, ಇಳೀಬೇಡಿ ಅಂತ ಹೇಳಿದ್ನಲ್ಲ! ಮುಂದಕ್ಕೆ ಹೋಗೋದೂ ಅದೇ ರೈಲು!" ಎಂದಳು.

ಒಂದೇ ಪ್ರಯಾಣಕ್ಕೆ ಎರಡು ಮೂರು ಟಿಕೆಟ್ ಕೊಂಡು ದುಡ್ಡು ಉಳಿಸುವ ಈ ಉಪಾಯಕ್ಕೆ ಅಲ್ಲಿ ಸ್ಪ್ಲಿಟ್ ಟಿಕೆಟ್ ಎನ್ನುತ್ತಾರೆ. ಕಳ್ಳದಾರಿಯೇನಲ್ಲ, ರೈಲ್ವೆಯ ಷರತ್ತುಗಳಲ್ಲೇ ಇದಕ್ಕೆ ಒಪ್ಪಿಗೆಯಿದೆ. ಆದರೆ ಒಪ್ಪಿಗೆಯ ಬಾಲಕ್ಕೆ ಕಟ್ಟಿರುವ ಸಣ್ಣಪುಟ್ಟ ನಿಯಮಗಳು ತಲೆ ಕೆಡಿಸುತ್ತವೆ. ಅಲ್ಲಿ ಓದಲು ಹೋಗುವ ಮಕ್ಕಳು, ಅವರನ್ನು ನೋಡಲು ಹೋಗುವ ನಮ್ಮಂಥ ತಂದೆತಾಯಿ ಹೊರಡುವ ಮುಂಚೆ ತಿಳಿದುಕೊಂಡರೆ ಒಳ್ಳೆಯದು.

ಮೊದಲು ನಮ್ಮ ರೈಲಿನ ಲೆಕ್ಕ ಮರೆಯಿರಿ

ನಮ್ಮಲ್ಲಿ ದರ ನಿಂತಿರುವುದು ಕಿಲೋಮೀಟರ್ ಮೇಲೆ. ದೂರ ಹೆಚ್ಚಿದಷ್ಟೂ ಕಿಲೋಮೀಟರಿಗೆ ಬೀಳುವ ದುಡ್ಡು ಕಮ್ಮಿ. ಬೆಂಗಳೂರಿನಿಂದ ಕಲಬುರಗಿಗೆ ಹೋಗುವವರು ಗುಂತಕಲ್ಲಿನಲ್ಲಿ ಟಿಕೆಟ್ ಮುರಿದು ಎರಡು ಮಾಡಿಸಿದರೆ ನಷ್ಟವೇ. ದೂರದ ರಿಯಾಯಿತಿ ಹೋಗುತ್ತದೆ, ಸ್ಲೀಪರ್‌ನಲ್ಲಿ 20 ರೂಪಾಯಿಯ ರಿಸರ್ವೇಷನ್ ಶುಲ್ಕವನ್ನೂ ಎರಡು ಸಲ ಕಟ್ಟಬೇಕು. ಟಿಕೆಟ್ ಮುರಿಯಬಾರದು ಎಂಬ ಬುದ್ಧಿ ನಮ್ಮ ರಕ್ತದಲ್ಲೇ ಇದೆ.

ಬ್ರಿಟನ್ನಿನಲ್ಲಿ ದರ ನಿಗದಿಯಾಗುವುದು ಕಿಲೋಮೀಟರಿನಿಂದಲ್ಲ, ಊರಿನಿಂದ ಊರಿಗೆ, ಒಂದೊಂದು ಜೋಡಿಗೂ ಬೇರೆ ಬೇರೆ. 1993ರ ಕಾನೂನಿನಿಂದ ಬ್ರಿಟಿಷ್ ರೈಲನ್ನು ಹಲವು ಕಂಪನಿಗಳಿಗೆ ಹಂಚಿದ ಮೇಲೆ ಇದು ಇನ್ನಷ್ಟು ಗೋಜಲಾಯಿತು. ಒಂದು ಜೋಡಿ ಊರಿಗೆ ದರ ಹಾಕುವುದು ಒಂದು ಕಂಪನಿ, ಪಕ್ಕದ ಜೋಡಿಗೆ ಇನ್ನೊಂದು. ಕೆಲವು ದರಗಳು ಸರ್ಕಾರದ ಹಿಡಿತದಲ್ಲಿವೆ, ಉಳಿದವು ಕಂಪನಿಯ ಮರ್ಜಿ. ಒಟ್ಟು ಸುಮಾರು 5.5 ಕೋಟಿ ಬಗೆಯ ದರಗಳಿವೆ ಎಂದು ರೈಲು ಕಂಪನಿಗಳ ಒಕ್ಕೂಟವೇ 2019ರಲ್ಲಿ ಹೇಳಿಕೊಂಡಿತ್ತು. ಇಷ್ಟು ದೊಡ್ಡ ಪಟ್ಟಿಯಲ್ಲಿ 'ಅ'ದಿಂದ 'ಇ'ಗೆ ಇರುವ ದರ, 'ಅ'ದಿಂದ 'ಆ'ಗೆ ಮತ್ತು 'ಆ'ದಿಂದ 'ಇ'ಗೆ ಇರುವ ದರಗಳ ಮೊತ್ತಕ್ಕಿಂತ ಹೆಚ್ಚಿರುವ ಜಾಗಗಳು ಇದ್ದೇ ಇರುತ್ತವೆ. ನಾವು ಹುಡುಕಬೇಕಾದ್ದು ಆ ತೂತುಗಳನ್ನು.

ಹಂತ 1: ಪೂರ್ತಿ ಪ್ರಯಾಣದ ದರ ಬರೆದಿಟ್ಟುಕೊಳ್ಳಿ

ನ್ಯಾಷನಲ್ ರೈಲ್ ವೆಬ್‌ಸೈಟಿನಲ್ಲಿ ಹೊರಡುವ ಊರು, ಸೇರುವ ಊರು, ಸಮಯ ಹಾಕಿ. ಮುಖ್ಯವಾಗಿ ಮೂರು ಬಗೆಯ ಟಿಕೆಟ್ ಕಾಣುತ್ತವೆ.

ಎನಿಟೈಮ್ ಅಂದರೆ ಯಾವ ಹೊತ್ತಿನ ರೈಲಾದರೂ ಹತ್ತಬಹುದು. ಬೆಲೆಯೂ ಹಾಗೇ ಇರುತ್ತದೆ. ಲಂಡನ್–ಬ್ರಿಸ್ಟಲ್ ಸುಮಾರು 190 ಕಿಲೋಮೀಟರ್. ಆ ದೂರಕ್ಕೆ ಒಂದು ಕಡೆಯ ಎನಿಟೈಮ್ ಟಿಕೆಟ್ 100 ಪೌಂಡ್ ದಾಟುತ್ತದೆ. ರೂಪಾಯಿಗೆ ತಿರುಗಿಸಿ ನೋಡಿ ನಮ್ಮ ಯಜಮಾನರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಫ್‌ಪೀಕ್ ಅಂದರೆ ಆಫೀಸಿಗೆ ಹೋಗುವವರ ನೂಕುನುಗ್ಗಲು ಮುಗಿದ ಮೇಲಿನ ರೈಲುಗಳಿಗೆ. ಅಡ್ವಾನ್ಸ್ ಅಂದರೆ ಮುಂಚೆಯೇ ಕೊಳ್ಳುವ, ಅದೊಂದೇ ರೈಲಿಗೆ ನಡೆಯುವ ಅಗ್ಗದ ಟಿಕೆಟ್. ಸಾಮಾನ್ಯವಾಗಿ ಪ್ರಯಾಣಕ್ಕೆ ಸುಮಾರು 12 ವಾರ ಮುಂಚೆ ಮಾರಾಟಕ್ಕೆ ಬರುತ್ತದೆ. ಇಷ್ಟೇ ಸೀಟು ಎಂದು ಲೆಕ್ಕವಿರುವುದರಿಂದ ಬೇಗ ಖಾಲಿಯಾಗುತ್ತದೆ.

ಅಡ್ವಾನ್ಸ್ ಟಿಕೆಟ್ ಕಡಿಮೆ ದರಕ್ಕೆ ಸಿಕ್ಕಿತೋ, ಸುಮ್ಮನೆ ಅದನ್ನೇ ಕೊಳ್ಳಿ. ಐದು ಪೌಂಡ್ ಉಳಿಸಲು ಮೂರು ಟಿಕೆಟ್ ಹಿಡಿದು ಒದ್ದಾಡುವುದರಲ್ಲಿ ಸುಖವಿಲ್ಲ. ಸ್ಕಾಟ್ಲೆಂಡಿನ ಒಳಗೆ ಓಡಾಡುವವರಿಗೂ ಈ ತಲೆನೋವು ಈಗ ಕಮ್ಮಿ, ಅಲ್ಲಿನ ಸ್ಕಾಟ್‌ರೈಲ್ 2025ರ ಸೆಪ್ಟೆಂಬರ್ 1ರಿಂದ ನೂಕುನುಗ್ಗಲಿನ ಹೊತ್ತಿನ ದುಬಾರಿ ದರ, ಅಂದರೆ ಪೀಕ್ ದರವನ್ನೇ ತೆಗೆದುಹಾಕಿದೆ.

ಹಂತ 2: ರೈಲು ಎಲ್ಲೆಲ್ಲಿ ನಿಲ್ಲುತ್ತದೆ ನೋಡಿ

ಇಡೀ ಉಪಾಯ ನಿಂತಿರುವುದು ಇದರ ಮೇಲೆ. ರೈಲ್ವೆ ಪ್ರಯಾಣ ಷರತ್ತುಗಳ 14ನೇ ನಿಯಮದ ಸಾರ ಇಷ್ಟು: ಒಂದಕ್ಕಿಂತ ಹೆಚ್ಚು ಟಿಕೆಟ್ ಜೋಡಿಸಿ ಪ್ರಯಾಣ ಮಾಡಬಹುದು, ಆದರೆ ಒಂದು ಟಿಕೆಟ್ ಮುಗಿದು ಇನ್ನೊಂದು ಶುರುವಾಗುವ ಸ್ಟೇಷನ್ನಿನಲ್ಲಿ ನೀವು ಕೂತ ರೈಲು ನಿಲ್ಲಬೇಕು. ರೈಲು ನಿಂತರೆ ಸಾಕು, ನೀವು ಇಳಿಯಬೇಕಾಗಿಲ್ಲ. (ಇದನ್ನು ನಮ್ಮ ಮನೆಯಲ್ಲಿ ಫ್ರಿಜ್ಜಿನ ಮೇಲೆ ಬರೆದು ಅಂಟಿಸಿದ್ದೇವೆ.) ಸೀಸನ್ ಟಿಕೆಟ್ ಇರುವವರಿಗೆ ವಿನಾಯಿತಿಗಳಿವೆ, ಭೇಟಿಗೆ ಹೋಗುವವರಿಗೆ ಅದು ಬೇಡ.

ಲಂಡನ್ ಪ್ಯಾಡಿಂಗ್ಟನ್ನಿನಿಂದ ಬ್ರಿಸ್ಟಲ್ ಟೆಂಪಲ್ ಮೀಡ್ಸ್‌ಗೆ ಹೋಗುವ ದಾರಿಯಲ್ಲಿ ರೆಡಿಂಗ್, ಡಿಡ್‌ಕಾಟ್, ಸ್ವಿಂಡನ್, ಚಿಪ್ಪನಮ್, ಬಾತ್ ಸಿಗುತ್ತವೆ. ಎಲ್ಲ ರೈಲೂ ಡಿಡ್‌ಕಾಟ್‌ನಲ್ಲಿ ನಿಲ್ಲುವುದಿಲ್ಲ. ನಿಲ್ಲದ ರೈಲು ಹತ್ತಿ ಡಿಡ್‌ಕಾಟ್‌ನಲ್ಲಿ ಮುರಿದ ಟಿಕೆಟ್ ತೋರಿಸಿದರೆ ಅದು ಟಿಕೆಟ್ಟೇ ಅಲ್ಲ. ಅದಕ್ಕೇ ದರ ನೋಡುವ ಮೊದಲು ನಿಮ್ಮ ರೈಲಿನ ನಿಲುಗಡೆಗಳ ಪಟ್ಟಿ ತೆರೆದಿಟ್ಟುಕೊಳ್ಳಿ. ರಿಯಲ್‌ಟೈಮ್ ಟ್ರೇನ್ಸ್ ಎಂಬ ವೆಬ್‌ಸೈಟಿನಲ್ಲಿ ಆಯಾ ದಿನದ ಪ್ರತಿ ರೈಲಿನ ನಿಲುಗಡೆ ಸಿಗುತ್ತದೆ.

ಹಂತ 3: ಒಂದೊಂದೇ ಸ್ಟೇಷನ್ನಿನಲ್ಲಿ ಮುರಿದು ನೋಡಿ

ಟಿಕೆಟ್ ಮುರಿಯುವವರಲ್ಲಿ ಡಿಡ್‌ಕಾಟ್ ಹೆಸರುವಾಸಿಯಾದದ್ದಕ್ಕೆ ಕಾರಣವಿದೆ. ಬೆಳಿಗ್ಗೆ ಲಂಡನ್ ಬಿಡುವ ರೈಲಿಗೆ ಬ್ರಿಸ್ಟಲ್‌ವರೆಗೂ ಪೀಕ್ ದರ. ಆದರೆ ಅದೇ ರೈಲು ಡಿಡ್‌ಕಾಟ್ ತಲುಪುವಾಗ, ಅಲ್ಲಿಂದ ಬ್ರಿಸ್ಟಲ್‌ಗೆ ಆಫ್‌ಪೀಕ್ ದರ ಸಿಗುವುದುಂಟು. ಹಾಗಾಗಿ ದುಬಾರಿ ದರ ಡಿಡ್‌ಕಾಟ್‌ವರೆಗಿನ ತುಂಡಿಗೆ ಮಾತ್ರ ಬೀಳುತ್ತದೆ. ಲೆಕ್ಕ ಅರ್ಥವಾಗಲೆಂದು ಊಹೆಯ ಸಂಖ್ಯೆ ಹಿಡಿಯೋಣ: ಪೂರ್ತಿ ಟಿಕೆಟ್ 100 ಪೌಂಡ್, ಡಿಡ್‌ಕಾಟ್‌ವರೆಗೆ 40, ಅಲ್ಲಿಂದ ಮುಂದಕ್ಕೆ 30. ಉಳಿದದ್ದು 30 ಪೌಂಡ್. ಕೂತದ್ದು ಅದೇ ರೈಲು, ಅದೇ ಸೀಟು.

ಹುಡುಕುವಾಗ ದೊಡ್ಡ ಜಂಕ್ಷನ್‌ಗಳಿಂದ ಶುರು ಮಾಡಿ. ಕಂಪನಿ ಬದಲಾಗುವ ಜಾಗ, ಪೀಕ್ ಅವಧಿ ಮುಗಿಯುವ ಹೊತ್ತಿಗೆ ರೈಲು ಇರುವ ಜಾಗ, ಇವೆರಡರಲ್ಲೇ ಸಾಮಾನ್ಯವಾಗಿ ತೂತು ಸಿಗುತ್ತದೆ. ಕೈಯಲ್ಲಿ ಹುಡುಕುವ ತಾಳ್ಮೆ ಇಲ್ಲದಿದ್ದರೆ ಇದೇ ಕೆಲಸಕ್ಕೆಂದು ಆ್ಯಪ್‌ಗಳಿವೆ. ಕೆಲವು ಬುಕಿಂಗ್ ಶುಲ್ಕ ಹಾಕುತ್ತವೆ, ಕೆಲವು ಉಳಿತಾಯದಲ್ಲಿ ಪಾಲು ಕೇಳುತ್ತವೆ. ನನ್ನ ಮಗಳು ಆ್ಯಪ್‌ನಲ್ಲಿ ಎಲ್ಲಿ ಮುರಿಯಬೇಕೆಂದು ನೋಡಿಕೊಂಡು, ಆ ತುಂಡುಗಳನ್ನು ಶುಲ್ಕವಿಲ್ಲದ ರೈಲು ಕಂಪನಿಯ ವೆಬ್‌ಸೈಟಿನಲ್ಲೇ ಕೊಳ್ಳುತ್ತಾಳೆ. ಸ್ಟೇಷನ್ ಕೌಂಟರಿನಲ್ಲೂ ಕೇಳಿದರೆ ಕೊಡುತ್ತಾರೆ. ಆದರೆ ಎಲ್ಲಿ ಮುರಿಯಬೇಕೆಂದು ನಾವೇ ಹೇಳಬೇಕು.

ಮುರಿಯುವ ಮುಂಚೆ ನಿಧಾನದ ರೈಲನ್ನೂ ಒಮ್ಮೆ ನೋಡಿ. ಲಂಡನ್ ಯೂಸ್ಟನ್ನಿನಿಂದ ಬರ್ಮಿಂಗ್‌ಹ್ಯಾಮ್‌ಗೆ ವೇಗದ ರೈಲಿಗಿಂತ, ಹೆಚ್ಚು ಕಡೆ ನಿಂತು ಹೋಗುವ ಇನ್ನೊಂದು ಕಂಪನಿಯ ರೈಲು ಅಗ್ಗ. ಅಂಥ ಟಿಕೆಟ್ ಮೇಲೆ ಆ ಕಂಪನಿಯ ಹೆಸರು ಅಚ್ಚಾಗಿರುತ್ತದೆ, ಅದನ್ನು ಹಿಡಿದು ವೇಗದ ರೈಲು ಹತ್ತುವಂತಿಲ್ಲ.

ಹಂತ 4: ರೈಲ್‌ಕಾರ್ಡ್ ಇದ್ದರೆ ಇಲ್ಲಿ ನಿಧಾನಿಸಿ

ಜನ ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ರೈಲ್‌ಕಾರ್ಡ್ ಎಂದರೆ ದರದಲ್ಲಿ ಮೂರನೇ ಒಂದು ಭಾಗ ಇಳಿಸುವ ವಾರ್ಷಿಕ ಕಾರ್ಡ್. ವಿದ್ಯಾರ್ಥಿಗಳಿಗೆ 16–25 ಕಾರ್ಡ್, 60 ದಾಟಿದವರಿಗೆ ಸೀನಿಯರ್ ಕಾರ್ಡ್, ಜೋಡಿಯಾಗಿ ಹೋಗುವವರಿಗೆ ಟು ಟುಗೆದರ್. 2025ರಲ್ಲಿ ಬೆಲೆ 30ರಿಂದ 35 ಪೌಂಡ್‌ಗೆ ಏರಿತು. ಅಲ್ಲಿನ ನಿವಾಸಿಯೇ ಆಗಿರಬೇಕೆಂದಿಲ್ಲ, ನಮ್ಮ ಪಾಸ್‌ಪೋರ್ಟ್ ತೋರಿಸಿ ಕೊಳ್ಳಬಹುದು. ದೂರದ ಒಂದೆರಡು ಪ್ರಯಾಣದಲ್ಲೇ ಕಾರ್ಡಿನ ದುಡ್ಡು ಹುಟ್ಟುತ್ತದೆ.

ಟಿಕೆಟ್ ಮುರಿದಾಗ ಕಾರ್ಡಿನ ನಿಯಮ ಪ್ರತಿ ತುಂಡಿಗೂ ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಸೀನಿಯರ್ ಕಾರ್ಡನ್ನೇ ನೋಡಿ. ಲಂಡನ್ ಮತ್ತು ಆಗ್ನೇಯ ವಲಯದ ಒಳಗೇ ಪೂರ್ತಿ ಮುಗಿಯುವ ಪ್ರಯಾಣಕ್ಕೆ ವಾರದ ದಿನಗಳ ಬೆಳಗಿನ ಪೀಕ್‌ನಲ್ಲಿ ಅದು ನಡೆಯುವುದಿಲ್ಲ. ಲಂಡನ್–ಬ್ರಿಸ್ಟಲ್ ಟಿಕೆಟ್ ಆ ವಲಯದ ಹೊರಗೆ ಹೋಗುವುದರಿಂದ ರಿಯಾಯಿತಿ ಉಂಟು. ಅದನ್ನೇ ಡಿಡ್‌ಕಾಟ್‌ನಲ್ಲಿ ಮುರಿದರೆ ಮೊದಲ ತುಂಡು ಪೂರ್ತಿ ವಲಯದೊಳಗೆ ಬಿತ್ತು, ಬೆಳಗಿನ ರೈಲಿಗೆ ರಿಯಾಯಿತಿ ಹೋಯಿತು! ಟು ಟುಗೆದರ್ ಕಾರ್ಡಂತೂ ವಾರದ ದಿನ ಬೆಳಿಗ್ಗೆ 9.30ಕ್ಕೆ ಮುಂಚೆ ನಡೆಯುವುದೇ ಇಲ್ಲ.

16–25 ಕಾರ್ಡಿಗೆ ಬೇರೆ ಕೊಕ್ಕೆ. ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 10ಕ್ಕೆ ಮುಂಚೆ ಕನಿಷ್ಠ ದರವೊಂದಿದೆ, ಅದಕ್ಕಿಂತ ಕೆಳಗೆ ರಿಯಾಯಿತಿ ಇಳಿಯುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಮಾತ್ರ ಇದರಿಂದ ಬಿಡುಗಡೆ. ಸಣ್ಣ ಸಣ್ಣ ತುಂಡು ಮಾಡಿದಷ್ಟೂ ಪ್ರತಿ ತುಂಡೂ ಆ ಕನಿಷ್ಠಕ್ಕೆ ಬಡಿದುಕೊಳ್ಳುತ್ತದೆ. 2024ರಲ್ಲಿ ಒಬ್ಬ ಯುವ ಪದವೀಧರ ಇದು ಗೊತ್ತಿಲ್ಲದೆ 1.90 ಪೌಂಡ್ ಕಡಿಮೆ ಕೊಟ್ಟದ್ದಕ್ಕೆ ಮೊಕದ್ದಮೆಯ ಬೆದರಿಕೆ ಎದುರಿಸಬೇಕಾಯಿತು. ಸುದ್ದಿಯಾದ ಮೇಲೆ ಕಂಪನಿ ಅದನ್ನು ಕೈಬಿಟ್ಟಿತು. ಸಣ್ಣ ತಪ್ಪಿಗೆ ಪ್ರಯಾಣಿಕರ ಮೇಲೆ ಅತಿಯಾದ ಕ್ರಮ ಆಗುತ್ತಿದೆ ಎಂದು 2025ರ ಜೂನ್‌ನಲ್ಲಿ ಅಲ್ಲಿನ ರೈಲು ನಿಯಂತ್ರಣ ಸಂಸ್ಥೆಯೇ ವರದಿ ಕೊಟ್ಟಿತು. ನಿಯಮ ಬರೆದವರಿಗೂ ಒಮ್ಮೆ ಪರೀಕ್ಷೆ ಇಡಬೇಕು ಎಂಬುದು ನನ್ನ ಅಭಿಪ್ರಾಯ.

ಆಫ್‌ಪೀಕ್ ಯಾವಾಗಿನಿಂದ ಎಂಬುದೂ ಎಲ್ಲ ಕಡೆ ಒಂದೇ ಅಲ್ಲ. ಟಿಕೆಟ್ ಮೇಲೆ ಎರಡಕ್ಷರದ ಒಂದು ಸಂಕೇತ ಇರುತ್ತದೆ. ನ್ಯಾಷನಲ್ ರೈಲ್ ವೆಬ್‌ಸೈಟಿನಲ್ಲಿ ಅದನ್ನು ಹಾಕಿದರೆ ಆ ಟಿಕೆಟ್ ಯಾವ ಹೊತ್ತಿಗೆ ನಡೆಯುತ್ತದೆ ಎಂಬುದು ಬರುತ್ತದೆ. ಪ್ರತಿ ತುಂಡಿಗೂ ನೋಡಿ.

ಹಂತ 5: ಕೊಳ್ಳುವಾಗ

ಎಲ್ಲ ತುಂಡಿಗೂ ಒಂದೇ ರೈಲನ್ನು ಆರಿಸಿದ್ದೀರಾ ಎಂದು ಹೊರಡುವ ಸಮಯ ನೋಡಿ ಖಚಿತ ಮಾಡಿಕೊಳ್ಳಿ. ಸೀಟು ಕಾದಿರಿಸುವುದಿದ್ದರೆ ಎರಡಕ್ಕೂ ಅದೇ ಸೀಟು ಕೇಳಿ, ಇಲ್ಲವಾದರೆ ಅರ್ಧ ದಾರಿಯಲ್ಲಿ ಸಾಮಾನು ಎತ್ತಿಕೊಂಡು ಬೋಗಿ ಬದಲಿಸಬೇಕಾದೀತು. ಪ್ರಯಾಣ ಬದಲಾಗಬಹುದು ಎಂಬ ಅನುಮಾನವಿದ್ದರೆ ಅಡ್ವಾನ್ಸ್ ತುಂಡುಗಳು ಬೇಡ. ಹಣ ವಾಪಸ್ ಬರುವುದಿಲ್ಲ, ದಿನ ಬದಲಿಸಲು ಪ್ರತಿ ಟಿಕೆಟ್‌ಗೂ ಬೇರೆ ಬೇರೆ ಶುಲ್ಕ ಬೀಳಬಹುದು.

ಒಂದು ತುಂಡಿಗೆ ಟಿಕೆಟ್, ಇನ್ನೊಂದಕ್ಕೆ ಗೇಟಿನಲ್ಲಿ ಬ್ಯಾಂಕ್ ಕಾರ್ಡ್ ಮುಟ್ಟಿಸುವುದು, ಈ ಜೋಡಣೆಗೆ ಹೋಗಲೇಬೇಡಿ. ಲಂಡನ್ನಿನಿಂದ ರೆಡಿಂಗ್‌ವರೆಗೆ ಕಾರ್ಡ್ ಮುಟ್ಟಿಸಿ ಹೋಗಬಹುದು, ನಿಜ. ಆದರೆ ಹಾಗೆ ಹೋದವರು ರೆಡಿಂಗ್‌ನಲ್ಲಿ ಇಳಿದು ಮತ್ತೆ ಮುಟ್ಟಿಸಲೇಬೇಕು. ಅಷ್ಟರಲ್ಲಿ ರೈಲು ಹೋಗಿರುತ್ತದೆ.

ಹಂತ 6: ರೈಲಿನಲ್ಲಿ

ಟಿಸಿ ಬಂದಾಗ ಎಲ್ಲ ತುಂಡುಗಳನ್ನೂ ತೋರಿಸಿ, ಜೊತೆಗೆ ರೈಲ್‌ಕಾರ್ಡ್. ಫೋನಿನ ಚಾರ್ಜ್ ಮುಗಿದರೆ ಟಿಕೆಟ್ ಇಲ್ಲದಂತೆಯೇ. ಇಂಗ್ಲೆಂಡಿನಲ್ಲಿ ಸರಿಯಾದ ಟಿಕೆಟ್ ಇಲ್ಲದವರಿಗೆ 2023ರ ಜನವರಿಯಿಂದ ದಂಡ 100 ಪೌಂಡ್, ಅದರ ಮೇಲೆ ಟಿಕೆಟ್ ದರ. 21 ದಿನದೊಳಗೆ ಕಟ್ಟಿದರೆ ಆ ನೂರು ಐವತ್ತಾಗುತ್ತದೆ.

ಅಡ್ವಾನ್ಸ್ ತುಂಡಿದ್ದರೆ ನಡುವೆ ಇಳಿದು ಊರು ನೋಡಿ ಮುಂದಿನ ರೈಲು ಹಿಡಿಯುವಂತಿಲ್ಲ. ನಮ್ಮ ಡಿಡ್‌ಕಾಟ್ ಪ್ರಸಂಗದಲ್ಲಿ ಎರಡನೇ ತುಂಡು ಆಫ್‌ಪೀಕ್ ಆಗಿದ್ದರಿಂದ ಬದುಕಿಕೊಂಡೆವು. ಅಡ್ವಾನ್ಸ್ ಆಗಿದ್ದರೆ ಪ್ಲಾಟ್‌ಫಾರ್ಮ್ ಮೇಲೆಯೇ ಹೊಸ ಟಿಕೆಟ್ ಕೊಳ್ಳಬೇಕಿತ್ತು.

ಹಂತ 7: ತಡವಾದರೆ

ಟಿಕೆಟ್ ಎಷ್ಟು ತುಂಡಾಗಿದ್ದರೂ ಪ್ರಯಾಣ ಒಂದೇ. ರೈಲು ಬದಲಿಸುವ ಕಡೆ ಬೇಕಾದಷ್ಟು ಸಮಯ ಇಟ್ಟುಕೊಂಡಿದ್ದು, ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ, ಅದೇ ಕಂಪನಿಯ ಮುಂದಿನ ರೈಲಿನಲ್ಲಿ ಹೋಗಬಹುದು. ಸಿಬ್ಬಂದಿಗೆ ಎರಡೂ ಟಿಕೆಟ್ ತೋರಿಸಿ ಹೇಳಿ ಹತ್ತಿ.

ಡಿಲೇ ರಿಪೇ ಎಂಬ ಪರಿಹಾರವೂ ಇದೆ. ಹೆಚ್ಚಿನ ಕಂಪನಿಗಳಲ್ಲಿ ಒಂದು ಕಡೆಯ ಟಿಕೆಟ್‌ಗೆ 15 ನಿಮಿಷ ತಡವಾದರೆ ದರದ ಕಾಲು ಭಾಗ, 30 ನಿಮಿಷಕ್ಕೆ ಅರ್ಧ, ಒಂದು ಗಂಟೆಗೆ ಪೂರ್ತಿ ವಾಪಸ್. 28 ದಿನದೊಳಗೆ, ತಡ ಮಾಡಿದ ಕಂಪನಿಗೆ ಅರ್ಜಿ ಹಾಕಬೇಕು. ಕೊನೆಯ ತುಂಡೊಂದನ್ನೇ ಕಳಿಸಿದರೆ ಅದೊಂದರ ಲೆಕ್ಕದಲ್ಲೇ ಪುಡಿಗಾಸು ಬರುತ್ತದೆ. ಎಲ್ಲ ತುಂಡುಗಳನ್ನೂ ಒಟ್ಟಿಗೆ ಸೇರಿಸಿ ಕಳಿಸಿ.

ಆ ಪ್ರವಾಸದಲ್ಲಿ ವಾಪಸ್ ಬರುವಾಗ ರೈಲು ಮುಕ್ಕಾಲು ಗಂಟೆ ತಡವಾಗಿ, ನಮಗೂ ಅರ್ಧ ದುಡ್ಡು ಬಂತು. ಡಿಡ್‌ಕಾಟ್‌ನಲ್ಲಿ ನಿಂತಿದ್ದಕ್ಕೂ ಸೇರಿಸಿ ಕೇಳೋಣವೇ ಎಂದರು ಯಜಮಾನರು. ಅರ್ಜಿಯಲ್ಲಿ ತಡಕ್ಕೆ ಕಾರಣ ಬರೆಯಬೇಕು ಎಂದಳು ಮಗಳು. ಅಲ್ಲಿಗೆ ಆ ಮಾತು ನಿಂತಿತು.