ದಡದಿಂದ ಕಡಲಿಗಿಳಿಯಲು ಜಾಗ ಆರಿಸುವ ಬಗೆ: ನನ್ನ ಅನುಭವ

ಸ್ಕೂಬಾ ಡೈವಿಂಗಿನ ಮೊದಲ ಹಂತದ ತರಬೇತಿ ಮುಗಿಸಿ ಓಪನ್ ವಾಟರ್ ಕಾರ್ಡು ಪಡೆದ ಡೈವರ್‌ಗೆ 18 ಮೀಟರ್ ಆಳದವರೆಗೆ ಇಳಿಯಲು ಅನುಮತಿಯಿರುತ್ತದೆ. ಯಾವ ದಡದಿಂದ, ಯಾವ ಹೊತ್ತಿನಲ್ಲಿ ಇಳಿಯಬೇಕೆಂಬುದನ್ನು ಮಾತ್ರ ಆ ಕಾರ್ಡು ಹೇಳುವುದಿಲ್ಲ. ದೋಣಿಯಲ್ಲಿ ಹೋದರೆ ಜಾಗ, ವೇಳೆ, ನೀರಿನ ಸೆಳೆತ ಎಲ್ಲವನ್ನೂ ಬೇರೆಯವರು ನೋಡಿಕೊಂಡಿರುತ್ತಾರೆ. ನಮ್ಮ ರಾಜ್ಯದ ಹೆಸರಾಂತ ತಾಣವಾದ ನೇತ್ರಾಣಿ ದ್ವೀಪಕ್ಕೂ ಮುರುಡೇಶ್ವರದಿಂದ ದೋಣಿಯಲ್ಲೇ ಹೋಗಬೇಕು. ದಡದಿಂದ ನಡೆದು ಇಳಿಯುವಾಗ ಆ ತೀರ್ಮಾನಗಳೆಲ್ಲ ನಮ್ಮ ಮೇಲೆ ಬೀಳುತ್ತವೆ. ಕಲಬುರಗಿಯಂಥ ಬಯಲುಸೀಮೆಯವರಿಗೆ ಇದು ಇನ್ನೂ ಕಠಿಣ, ಏಕೆಂದರೆ ಅಲೆಯನ್ನು ದಿನವೂ ನೋಡುತ್ತ ಬೆಳೆದವರಿಗೆ ಕಣ್ಣಳತೆಯಲ್ಲೇ ತಿಳಿಯುವ ಸಂಗತಿಗಳನ್ನು ನಾವು ಒಂದೊಂದಾಗಿ ಕಲಿಯಬೇಕಾಗುತ್ತದೆ.

ತಾಣಗಳ ವಿವರಣೆಯಲ್ಲಿ ಮೀನು, ಹವಳ, ಮುಳುಗಿದ ಹಡಗುಗಳ ಮಾತೇ ಮೊದಲು ಬರುತ್ತದೆ. ನಾನು ಅದನ್ನು ಕಡೆಗೆ ಓದುತ್ತೇನೆ. ಮೊದಲು ಹುಡುಕುವುದು ನೀರಿನಿಂದ ಮರಳಿ ಹತ್ತುವ ಜಾಗವನ್ನು. ಇಳಿಯುವಾಗ ಮೈಯಲ್ಲಿ ಕಸುವಿರುತ್ತದೆ, ಸಿಲಿಂಡರ್ ತುಂಬಿರುತ್ತದೆ, ಅಲೆ ದೊಡ್ಡದಾಗಿದ್ದರೆ ಹಿಂದಿರುಗಿ ಹೋಗುವ ಸ್ವಾತಂತ್ರ್ಯವೂ ಇರುತ್ತದೆ. ಹತ್ತುವ ಹೊತ್ತಿಗೆ ಮೂರೂ ಇರುವುದಿಲ್ಲ. ಆದ್ದರಿಂದ ಸೊಂಟದಾಳದ ನೀರಿನಲ್ಲಿ ನಿಂತು ಫಿನ್ (ಕಾಲಿಗೆ ತೊಡುವ ಈಜುರೆಕ್ಕೆ) ಬಿಚ್ಚಲು ಸಮತಟ್ಟಾದ ನೆಲವಿರುವ, ಅದು ಕೈಗೂಡದಿದ್ದರೆ ಈಜಿ ತಲುಪಬಹುದಾದಷ್ಟು ಹತ್ತಿರದಲ್ಲಿ ಇನ್ನೊಂದು ಹತ್ತುದಾರಿಯಿರುವ ದಡವನ್ನೇ ನಾನು ಒಪ್ಪುತ್ತೇನೆ. ಬಂಡೆಯ ದಡವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತೇನೆ. ಪಾಚಿ ಹಿಡಿದ ಬಂಡೆಯ ಮೇಲೆ ಹದಿನೈದು ಕಿಲೋಗೂ ಮೀರಿದ ಭಾರ ಹೊತ್ತು ನಡೆಯುವುದೆಂದರೆ ಸಾಬೂನು ಚೆಲ್ಲಿದ ಬಚ್ಚಲಿನ ಶಹಾಬಾದ್ ಫರ್ಸಿಯ ಮೇಲೆ ನಡೆದಂತೆಯೇ ಸರಿ.

ನೆಲದ ಇಳಿಜಾರು ಎರಡನೆಯ ಮಾತು. ನಿಧಾನವಾಗಿ ಆಳವಾಗುತ್ತ ಹೋಗುವ ತಳ ಹೊಸಬರಿಗೆ ಬಹಳ ಅನುಕೂಲ. ಮೊದಲು ಆಳಕ್ಕೆ ಹೋಗಿ, ನಂತರ ತಳವನ್ನೇ ಅನುಸರಿಸಿ ಮೇಲೇರುತ್ತ ಬಂದರೆ, 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲುವ ಸುರಕ್ಷತಾ ವಿರಾಮವನ್ನು ಹವಳ ನೋಡುತ್ತಲೇ ಮುಗಿಸಬಹುದು. ನಡುನೀರಿನಲ್ಲಿ ತೂಗಾಡುತ್ತ ಆಳ ತೋರಿಸುವ ಗೇಜಿನ ಮೇಲೆ ಕಣ್ಣಿಟ್ಟು ನಿಲ್ಲುವ ಕಷ್ಟವಿಲ್ಲ. ತೇಲುವಿಕೆಯ ಮೇಲೆ ಹಿಡಿತ ಸಿಗುವವರೆಗೆ ಕಡಿದಾದ ಗೋಡೆಯಂಥ ತಾಣಗಳು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ 18 ಮೀಟರ್ ಎಂಬುದು ಕಾಗದದ ಮೇಲಿನ ಗೆರೆ. ಕಾಲ ಕೆಳಗೆ ತಡೆಯುವ ನೆಲವೇ ಇರುವುದಿಲ್ಲ.

ಉಬ್ಬರವಿಳಿತದ ಲೆಕ್ಕ ನನಗೆ ಅತ್ಯಂತ ಹಿಡಿಸಿದ ಭಾಗ. ಕಲಬುರಗಿಯಿಂದ ಕಡಲಿಗೆ ಹೋಗಬೇಕೆಂದರೆ ರಜೆ, ರೈಲು, ಹೈದರಾಬಾದಿನಿಂದ ವಿಮಾನ ಎಲ್ಲವನ್ನೂ ತಿಂಗಳುಗಳ ಮೊದಲೇ ಗೊತ್ತುಮಾಡಬೇಕು. ಅಷ್ಟು ಮುಂಚೆ ಗಾಳಿ ಮಳೆಯ ಸಮಾಚಾರ ಸಿಗುವುದಿಲ್ಲ, ಆದರೆ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತಿಥಿ ಸಿಗುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಸೇರಿ ಉಬ್ಬರ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ, ನಡುವೆ ಹರಿಯುವ ನೀರಿನ ಸೆಳೆತವೂ ಹೆಚ್ಚುತ್ತದೆ. ಅಷ್ಟಮಿಯ ಹೊತ್ತಿಗೆ ಈ ಏರಿಳಿತ ಕಡಿಮೆ. ಎರಡೂ ಪರಿಣಾಮಗಳು ತಿಥಿಗಿಂತ ಒಂದೆರಡು ದಿನ ತಡವಾಗಿ ಕಾಣಿಸಿಕೊಳ್ಳುವುದರಿಂದ, ಅಷ್ಟಮಿಯಿಂದ ದಶಮಿ ಏಕಾದಶಿಯವರೆಗಿನ ದಿನಗಳನ್ನು ಡೈವಿಂಗಿಗೆ ಇಟ್ಟುಕೊಂಡು ಟಿಕೆಟ್ ಮಾಡಿಸುತ್ತೇನೆ. ಏಕಾದಶಿಯ ಉಪವಾಸ ನೋಡಲೆಂದು ಅವ್ವ ತೂಗುಹಾಕಿದ ಕ್ಯಾಲೆಂಡರ್ ಹೀಗೂ ಕೆಲಸಕ್ಕೆ ಬರುತ್ತಿದೆ. ದಿನದ ನಿಖರ ವೇಳೆಗೆ ಮಾತ್ರ ಆಯಾ ಬಂದರಿನ ಉಬ್ಬರವಿಳಿತದ ಪಟ್ಟಿಯನ್ನೇ ನೋಡಬೇಕು. ಆ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ.

ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ, ಅಂದರೆ ಹಿಂದಿನ ಹ್ಯಾವ್‌ಲಾಕಿನಲ್ಲಿ, ನೀಮೋ ರೀಫ್ ಎಂಬ ತಾಣಕ್ಕೆ ದಡದಿಂದಲೇ ಇಳಿಯಬಹುದು. ಆಳ ಕಡಿಮೆ, ಹೊಸಬರಿಗೆ ತರಬೇತಿ ಕೊಡುವುದೂ ಅಲ್ಲಿಯೇ. ಆದರೆ ಇಳಿತದ ಹೊತ್ತಿಗೆ ನೀರು ಬಹುದೂರ ಹಿಂದೆ ಸರಿದು, ಚೂಪಾದ ಸತ್ತ ಹವಳದ ಕಲ್ಲುಗಳು ಮೇಲೇಳುತ್ತವೆ. ಬೆಳಿಗ್ಗೆ ಸಲೀಸಾಗಿ ಇಳಿದ ದಾರಿಯೇ ಮಧ್ಯಾಹ್ನ ದಾರಿಯಾಗಿ ಉಳಿದಿರುವುದಿಲ್ಲ. ಹಾಗಾಗಿ ಉಬ್ಬರ ತುಂಬಿ ನಿಲ್ಲುವ ಹೊತ್ತನ್ನು ನಡುವಿಗಿಟ್ಟುಕೊಂಡು, ಅದಕ್ಕೆ ಸ್ವಲ್ಪ ಮೊದಲು ಇಳಿದು ಸ್ವಲ್ಪ ನಂತರ ಹತ್ತುವಂತೆ ವೇಳೆ ಹೊಂದಿಸುತ್ತೇನೆ. ಆಗ ಸೆಳೆತವೂ ಕಡಿಮೆ, ನೀರೂ ತಿಳಿ.

ಬಾಲಿಯ ತುಲಾಂಬೆನ್ ದಡದ ಪರಿಯೇ ಬೇರೆ. 1942ರ ಜನವರಿಯಲ್ಲಿ ಜಪಾನಿ ಜಲಾಂತರ್ಗಾಮಿಯ ಟಾರ್ಪಿಡೊ ತಗುಲಿದ ಅಮೆರಿಕದ ಸರಕು ಹಡಗು ಲಿಬರ್ಟಿಯನ್ನು ಅಲ್ಲಿಯ ದಡಕ್ಕೆ ತಂದು ನಿಲ್ಲಿಸಿದ್ದರು. 1963ರಲ್ಲಿ ಆಗುಂಗ್ ಜ್ವಾಲಾಮುಖಿ ಸಿಡಿದಾಗ ಅದು ನೀರಿಗೆ ಜಾರಿತು. ಮೇಲಿನ ಭಾಗ ಸುಮಾರು 5 ಮೀಟರ್ ಆಳದಲ್ಲೇ ಸಿಗುವುದರಿಂದ ಹೊಸಬರೂ ನೋಡಬಹುದು, ಕೆಳಗಿನ ಭಾಗ ಮಾತ್ರ ನಮ್ಮ ಮಿತಿಯನ್ನು ದಾಟುತ್ತದೆ. ತೊಡಕಿರುವುದು ದಡದಲ್ಲಿ. ಅಲ್ಲಿ ಮರಳಿಲ್ಲ, ಜ್ವಾಲಾಮುಖಿಯ ಕಪ್ಪು ಗುಂಡುಕಲ್ಲುಗಳಿವೆ. ಅಲೆ ಹಿಂದೆ ಸರಿಯುವಾಗ ಅವು ಪಾದದಡಿ ಗಡಗಡ ಉರುಳುತ್ತವೆ. ಊರಿನ ಹೆಂಗಸರು ಸಿಲಿಂಡರನ್ನು ತಲೆಯ ಮೇಲೆ ಹೊತ್ತು ಅದೇ ಕಲ್ಲುಗಳ ಮೇಲೆ ನೀರಿನಂಚಿನವರೆಗೆ ನಡೆದುಬರುತ್ತಾರೆ. ಅವರು ಎಲ್ಲಿ ಕಾಲಿಡುತ್ತಾರೆ, ಎಲ್ಲಿ ಸುತ್ತಿ ಬರುತ್ತಾರೆ ಎಂದು ನೋಡಿಕೊಂಡರೆ ದಡದ ಅರ್ಧ ಪಾಠ ಮುಗಿಯಿತು. ಅಲೆ ಏಳುವ ದಿನ ಅಲ್ಲಿ ಫಿನ್ ಹಾಕದೆ, ಉಸಿರಾಡುವ ರೆಗ್ಯುಲೇಟರ್ ಬಾಯಲ್ಲಿಟ್ಟುಕೊಂಡು, ಜೊತೆಗಾರನ ತೋಳು ಹಿಡಿದು ಎದೆಮಟ್ಟದ ನೀರಿನವರೆಗೆ ನಡೆದು, ಅಲ್ಲಿ ತೇಲುತ್ತ ಫಿನ್ ಏರಿಸಿಕೊಳ್ಳುವುದು ನಮ್ಮ ರೂಢಿ.

ಎಲ್ಲೇ ಆಗಲಿ, ಸಲಕರಣೆಯ ಚೀಲ ಬಿಚ್ಚುವ ಮೊದಲು ದಡದಲ್ಲಿ ಕಾಲು ಗಂಟೆಯಾದರೂ ಸುಮ್ಮನೆ ನಿಂತು ನೋಡುತ್ತೇವೆ. ಅಲೆಗಳು ಗುಂಪುಗುಂಪಾಗಿ ಬರುತ್ತವೆ; ಐದು ನಿಮಿಷ ಸಣ್ಣ ಅಲೆಗಳನ್ನೇ ಕಂಡವನು ಮುಂದಿನ ದೊಡ್ಡ ಗುಂಪನ್ನು ಕಂಡಿರುವುದಿಲ್ಲ. ಎರಡೂ ಬದಿ ನೊರೆಯೊಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಬಣ್ಣ ಗಾಢವಾಗಿ ಕಂಡರೆ, ಇಳಿಯಲು ಸುಲಭವೆಂದು ಮನಸ್ಸು ಹೇಳುತ್ತದೆ. ಬಹುಪಾಲು ಅದು ನೀರನ್ನು ಹೊರಕ್ಕೆ ಒಯ್ಯುವ ಸೆಳೆತ. ನೆಲದಿಂದ ಕಡಲಿನತ್ತ ಬೀಸುವ ಗಾಳಿಯೂ ಹೀಗೆಯೇ ಮೋಸಮಾಡುತ್ತದೆ: ದಡದ ಬಳಿ ನೀರು ಕನ್ನಡಿಯಾಗಿರುತ್ತದೆ, ಮೇಲೆ ತೇಲಿದವನನ್ನು ಮಾತ್ರ ಒಳಗಡಲಿಗೆ ತಳ್ಳುತ್ತಿರುತ್ತದೆ. ಒಮ್ಮೆ ಇಂಥ ಗಾಳಿಯಲ್ಲಿ ನಾನು ಇನ್ನೂ ತೂಗಿ ನೋಡುತ್ತಿದ್ದಾಗ, ನನ್ನ ಜೊತೆಗಾರನಾದ ಬೀದರಿನ ಸೋದರಮಾವನ ಮಗ, “ಅಣ್ಣಾ, ಇವತ್ತ ಬ್ಯಾಡ, ನಡೀ ಹೋಗಾಣು” ಎಂದ. ಚರ್ಚೆಯಿಲ್ಲದೆ ಹೊರಟೆವು. ಇಬ್ಬರಲ್ಲಿ ಒಬ್ಬರು ಬೇಡವೆಂದರೆ ಕಾರಣ ಕೇಳಬಾರದೆಂಬುದು ನಮ್ಮ ಒಪ್ಪಂದ.

ಸಿಲಿಂಡರಿನ ಗಾಳಿಯ ಲೆಕ್ಕ ಸರಳ. ತುಂಬಿದ ಸಿಲಿಂಡರಿನ ಒತ್ತಡವಾದ 200 ಬಾರ್‌ನಲ್ಲಿ 50 ಬಾರ್ ಮೀಸಲು. ಉಳಿದ 150ರಲ್ಲಿ ಮೂರನೆಯ ಒಂದು ಪಾಲು ಮುಗಿದೊಡನೆ, ಅಂದರೆ ಒತ್ತಡದ ಗೇಜು 150 ತೋರಿಸಿದಾಗ, ಎದುರಿಗೆ ಏನೇ ಕಾಣುತ್ತಿದ್ದರೂ ತಿರುಗುತ್ತೇವೆ. ಹೋಗುವಾಗ ಸೆಳೆತಕ್ಕೆ ಎದುರಾಗಿ, ಬರುವಾಗ ಅದರೊಂದಿಗೆ. ದಿಕ್ಸೂಚಿಯಲ್ಲಿ ಮರಳುವ ದಿಕ್ಕನ್ನು ದಡದಲ್ಲೇ ಗುರುತಿಸಿಕೊಂಡಿರುತ್ತೇವೆ.

ಇನ್ನು ಮರಳುವ ಪ್ರಯಾಣ. ಒಂದಕ್ಕಿಂತ ಹೆಚ್ಚು ಡೈವ್ ಮಾಡಿದವರು ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಬೇಕೆಂಬುದು ತರಬೇತಿಯಲ್ಲೇ ಹೇಳುವ ಮಾತು; ಎತ್ತರಕ್ಕೇರಿದಂತೆ ಗಾಳಿಯ ಒತ್ತಡ ಇಳಿದು, ಮೈಯಲ್ಲಿ ಕರಗಿ ಉಳಿದ ನೈಟ್ರೋಜನ್ ಗುಳ್ಳೆಗಟ್ಟಬಹುದು. ನೇತ್ರಾಣಿಯಿಂದ ಕಾರಿನಲ್ಲಿ ಮರಳುವವರಿಗೂ ಎಚ್ಚರ ಬೇಕೆಂಬುದು ಹಲವರ ಗಮನಕ್ಕೆ ಬಂದಿರುವುದಿಲ್ಲ. ಡೈವಿಂಗಿನಲ್ಲಿ 300 ಮೀಟರಿಗೆ ಮೇಲ್ಪಟ್ಟ ಜಾಗವೆಲ್ಲ ಎತ್ತರದ ಪ್ರದೇಶವೇ. ನಮ್ಮ ಕಲಬುರಗಿಯೇ ಸುಮಾರು 450 ಮೀಟರ್ ಎತ್ತರದಲ್ಲಿದೆ, ನಡುವೆ ಬರುವ ಘಟ್ಟ ಅದಕ್ಕಿಂತ ಎತ್ತರ. ಆದ್ದರಿಂದ ಹೊರಡುವ ದಿನಕ್ಕೆ ಡೈವ್ ಇಟ್ಟುಕೊಳ್ಳದೆ, ಹಿಂದಿನ ರಾತ್ರಿ ಕಡಲ ಮಟ್ಟದಲ್ಲೇ ಮಲಗಿ, ಮರುದಿನ ಊಟ ಮುಗಿಸಿಕೊಂಡು ಘಟ್ಟ ಹತ್ತುತ್ತೇವೆ.