ಟೇಪು ಹಿಡಿಯುವುದು ಎಲ್ಲಿ? ಹೊಟ್ಟೆಯ ಸುತ್ತಳತೆ ಮನೆಯಲ್ಲೇ ನೋಡಿಕೊಳ್ಳಿ

ಸಾಗರ, ತೀರ್ಥಹಳ್ಳಿ ಕಡೆಯ ಆರೋಗ್ಯ ಶಿಬಿರಗಳಲ್ಲಿ ಹೊಟ್ಟೆಯ ಅಳತೆ ಕೇಳಿದರೆ ಗಂಡಸರು ಪ್ಯಾಂಟಿನ ಸೈಜು ಹೇಳುತ್ತಾರೆ. ಪ್ಯಾಂಟು ನಿಲ್ಲುವುದು ಹೊಟ್ಟೆಯ ಕೆಳಗೆ. ಆ ನಂಬರ್ ನಂಬಬೇಡಿ.

ಚರ್ಮದ ಕೆಳಗಿನ ಕೊಬ್ಬಿಗಿಂತ ಒಳಗೆ ಲಿವರ್, ಕರುಳಿನ ಸುತ್ತ ಕೂರುವ ಕೊಬ್ಬು ಕೆಟ್ಟದ್ದು. ಅದರಿಂದ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಶುಗರ್, ಬಿಪಿ, ಫ್ಯಾಟಿ ಲಿವರ್, ಹೃದಯದ ಕಾಯಿಲೆ ಎಲ್ಲಕ್ಕೂ ದಾರಿಯಾಗುತ್ತದೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಬಂದವರು ನಮ್ಮಲ್ಲಿ ಜಾಸ್ತಿ. ತೂಕ ನೋಡಿದರೆ ಅವರದ್ದು ಗೊತ್ತೇ ಆಗುವುದಿಲ್ಲ.

1. ಟೈಲರ್ ಟೇಪು ತನ್ನಿ. ಮನೆಯಲ್ಲಿರುವ ಹಳೇ ಬಟ್ಟೆಯ ಟೇಪು ಎಳೆದೆಳೆದು ಉದ್ದವಾಗಿರುತ್ತದೆ, ಅದು ಬೇಡ.

2. ಬೆಳಿಗ್ಗೆ, ತಿಂಡಿಗೆ ಮೊದಲು, ಬರಿ ಮೈಮೇಲೆ ಅಳೆಯಿರಿ.

3. ಎಲ್ಲರೂ ತಪ್ಪುವುದು ಇಲ್ಲೇ. ಪಕ್ಕೆಯ ಮೇಲೆ ಬೆರಳಿಟ್ಟು ಒತ್ತುತ್ತಾ ಕೆಳಗೆ ಬನ್ನಿ. ಕೊನೆಯ ಪಕ್ಕೆಲುಬು ಮುಗಿದು ಮೆತ್ತಗಾಗುವ ಜಾಗ ಸಿಗುತ್ತದೆ. ಅಲ್ಲೊಂದು ಪೆನ್ನಿನ ಗುರುತು. ಇನ್ನೂ ಕೆಳಗೆ ಸೊಂಟದ ಮೂಳೆಯ ಮೇಲಂಚು ಗಟ್ಟಿಯಾಗಿ ತಗುಲುತ್ತದೆ. ಅಲ್ಲಿ ಇನ್ನೊಂದು. ಇವೆರಡರ ನಡುಮಧ್ಯೆ ಟೇಪು ಸುತ್ತಬೇಕು. ಹೊಕ್ಕುಳಿನ ಲೆಕ್ಕ ಹಿಡಿಯಬೇಡಿ, ಹೊಟ್ಟೆ ಜೋತುಬಿದ್ದವರಿಗೆ ಹೊಕ್ಕುಳೂ ಕೆಳಗಿಳಿದಿರುತ್ತದೆ. ಒಬ್ಬರೇ ಅಳೆದರೆ ಬೆನ್ನ ಹಿಂದೆ ಟೇಪು ಜಾರುತ್ತದೆ, ಮನೆಯವರನ್ನು ಕರೆಯಿರಿ. ಟೇಪು ಮೈಗೆ ತಾಗಿರಲಿ, ಚರ್ಮ ಒತ್ತದಿರಲಿ. ಹೊಟ್ಟೆ ಒಳಗೆ ಎಳೆದುಕೊಳ್ಳಲೇಬೇಡಿ! ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ನಂಬರ್ ಓದಿ.

4. ಎರಡು ಸಲ ಅಳೆದು ಬರೆದಿಡಿ.

ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಇದು ಭಾರತೀಯರಿಗೆ ಇಟ್ಟ ಮಿತಿ, ಯುರೋಪಿನ ಗಂಡಸರದ್ದು ಇದಕ್ಕಿಂತ ಹೆಚ್ಚು. ಬಸುರಿಯರಿಗೆ ಈ ಲೆಕ್ಕ ಇಲ್ಲ. ಇನ್ನೊಂದು ಸುಲಭದ ದಾರಿ: ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು.

ದಾಟಿದ್ದರೆ ಹತ್ತಿರದ ಆಸ್ಪತ್ರೆಯಲ್ಲಿ ಬಿಪಿ, ಶುಗರ್ ನೋಡಿಸಿ. ಬೆವರಿಳಿಸುವ ಬೆಲ್ಟಿಗೆ ಸುಮ್ನೆ ದುಡ್ಡು ಹಾಕಬೇಡಿ. ಇಳಿಯುವುದು ನೀರು, ಕುಡಿದರೆ ವಾಪಸ್ ಬರುತ್ತದೆ. ಹೊಟ್ಟೆಯ ವ್ಯಾಯಾಮ ಒಂದನ್ನೇ ಮಾಡಿದರೂ ಅಲ್ಲಿನ ಕೊಬ್ಬು ಮಾತ್ರ ಕರಗುವುದಿಲ್ಲ, ಇಡೀ ಮೈ ದುಡಿಯಬೇಕು. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ನಮ್ಮ ಕಡೆ ಜೂನ್‌ನಿಂದ ಮಳೆ ಹಿಡಿದರೆ ವಾಕಿಂಗ್ ನಿಂತೇ ಹೋಗುತ್ತದೆ, ಬಿಸಿ ಕಡುಬು ಮಾತ್ರ ನಿಲ್ಲುವುದಿಲ್ಲ ಅಲ್ವಾ? ಆಗ ಜಗಲಿಯ ಮೇಲೇ ಆ ತುದಿಯಿಂದ ಈ ತುದಿಗೆ ನಡೆಯಿರಿ, ಕಡುಬು ಒಂದು ಕಡಿಮೆ ಮಾಡಿ ಪಲ್ಯ ಜಾಸ್ತಿ ಹಾಕಿಕೊಳ್ಳಿ. ತಿಂಗಳಿಗೊಮ್ಮೆ ಅದೇ ಟೇಪಿನಲ್ಲಿ, ಅದೇ ಜಾಗದಲ್ಲಿ ಅಳೆಯಿರಿ.